ಟನಲ್ ಹಸಿರಾಗಿದೆ, ಪಿಂಗ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮ ಕಾರ್ಖಾನೆ ಇದೆ. ಕಚೇರಿಯ ನೆಟ್‌ವರ್ಕ್ 192.168.10.0/24. ಲೆಕ್ಕಪತ್ರದ ಲಿನಕ್ಸ್ ಸರ್ವರನ್ನು ಎಡಬ್ಲ್ಯೂಎಸ್‌ನ (ಅಮೆಜಾನ್ ಕ್ಲೌಡ್) ಮುಂಬೈ ರೀಜನ್‌ಗೆ ಸಾಗಿಸಿದ್ದೇವೆ. ಅಲ್ಲಿನ ನಮ್ಮ ಖಾಸಗಿ ನೆಟ್‌ವರ್ಕ್, ಅಂದರೆ ವಿಪಿಸಿ, 10.20.0.0/16, ಸರ್ವರ್ 10.20.4.15. ಕಚೇರಿಯನ್ನು ಕ್ಲೌಡ್‌ಗೆ ಜೋಡಿಸುವ ವಿಪಿಎನ್‌ನ ಎರಡೂ ಟನಲ್ ‘ಅಪ್’ ಎಂದೇ ತೋರಿಸುತ್ತವೆ. ಆದರೆ ಕಚೇರಿಯಿಂದ ಪಿಂಗ್ ಕೊಟ್ಟರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಎಲ್ಲಿಂದ ಹುಡುಕಬೇಕ್ರಿ?

ಉತ್ತರ: ಟನಲ್ ಅಪ್ ಎಂದರೆ ಎರಡು ತುದಿಯ ಸಾಧನಗಳು ಕೀಲಿ ಒಪ್ಪಿಕೊಂಡಿವೆ, ಅಷ್ಟೇ. ಯಾವ ಪ್ಯಾಕೆಟ್ ಆ ಟನಲ್ ಹಿಡಿಯಬೇಕು ಎಂಬುದನ್ನು ರೂಟ್ ಟೇಬಲ್, ಅಂದರೆ ದಾರಿಗಳ ಪಟ್ಟಿ, ತೀರ್ಮಾನಿಸುತ್ತದೆ. ಹೋಗುವ ದಾರಿ ಬರೆದು ವಾಪಸ್ ಬರುವ ದಾರಿ ಮರೆಯುವುದೇ ಇಲ್ಲಿ ಹೆಚ್ಚು.

ಊಹೆ ಬೇಡ, ಮೊದಲು ಸರ್ವರ್ ಏನು ನೋಡುತ್ತಿದೆ ಎಂದು ನೋಡಿ. ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪನ್ನು ಸರ್ವರ್‌ನಲ್ಲಿ ಚಾಲೂ ಮಾಡಿ, ಐಸಿಎಂಪಿ (ಪಿಂಗ್ ಬಳಸುವ ಪ್ರೋಟೊಕಾಲ್) ಮಾತ್ರ ಸೋಸಿ, ಕಚೇರಿಯ ಒಂದು ಕಂಪ್ಯೂಟರ್‌ನಿಂದ, ಅದು 192.168.10.25 ಎನ್ನೋಣ, ಪಿಂಗ್ ಬಿಡುತ್ತಿರಿ.

192.168.10.25ರಿಂದ ರಿಕ್ವೆಸ್ಟ್ ಬಂದು, ಅದರ ಬೆನ್ನಿಗೇ ರಿಪ್ಲೈ ಹೊರಟ ಸಾಲೂ ಕಂಡರೆ, ಸರ್ವರ್ ಸರಿಯಾಗಿದೆ. ಉತ್ತರ ದಾರಿಯಲ್ಲಿ ಕಳೆದುಹೋಗುತ್ತಿದೆ. ಸರ್ವರ್ ಇರುವ ಸಬ್‌ನೆಟ್‌ನ (ವಿಪಿಸಿಯ ಒಂದು ಭಾಗ) ರೂಟ್ ಟೇಬಲ್‌ನಲ್ಲಿ 192.168.10.0/24ಕ್ಕೆ ಸಾಲು ಇಲ್ಲದಿದ್ದರೆ, ಉತ್ತರವು ‘ಉಳಿದದ್ದೆಲ್ಲ ಇತ್ತ’ ಎನ್ನುವ 0.0.0.0/0 ಸಾಲನ್ನು ಹಿಡಿದು ಇಂಟರ್ನೆಟ್ ಗೇಟ್‌ವೇ ಕಡೆ ಹೋಗಿ ಸಾಯುತ್ತದೆ. ಆ ಟೇಬಲ್‌ನ ರೂಟ್ ಪ್ರೊಪಗೇಶನ್‌ನಲ್ಲಿ ವರ್ಚುವಲ್ ಪ್ರೈವೇಟ್ ಗೇಟ್‌ವೇಯನ್ನು (ವಿಪಿಎನ್‌ನ ಎಡಬ್ಲ್ಯೂಎಸ್ ತುದಿ) ‘ಎನೇಬಲ್’ ಮಾಡಿ. ಅದು ತಾನಾಗಿ ಆನ್ ಆಗಿರುವುದಿಲ್ಲ. ವಿಪಿಎನ್ ಸ್ಟ್ಯಾಟಿಕ್ ಬಗೆಯದಾದರೆ (ದಾರಿಗಳನ್ನು ಕೈಯಾರೆ ಬರೆಯುವಂಥದ್ದು) ಅದರ ಸ್ಟ್ಯಾಟಿಕ್ ರೂಟ್ಸ್ ಪಟ್ಟಿಯಲ್ಲೂ 192.168.10.0/24 ಇರಬೇಕು. ಹಲವರು ಮೇನ್ ರೂಟ್ ಟೇಬಲ್ ತಿದ್ದಿ ಸುಮ್ಮನಾಗುತ್ತಾರೆ, ಸಬ್‌ನೆಟ್ ಬೇರೆ ಟೇಬಲ್‌ಗೆ ಅಂಟಿಕೊಂಡಿರುತ್ತದೆ. ‘ಸಬ್‌ನೆಟ್ ಅಸೋಸಿಯೇಶನ್ಸ್’ ತೆರೆದು ಖಾತ್ರಿ ಮಾಡಿಕೊಳ್ಳಿ. ನೀವು ವರ್ಚುವಲ್ ಪ್ರೈವೇಟ್ ಗೇಟ್‌ವೇ ಬದಲು ಟ್ರಾನ್ಸಿಟ್ ಗೇಟ್‌ವೇ ಬಳಸಿದ್ದರೆ ವಿಪಿಸಿಯ ಟೇಬಲ್‌ನಲ್ಲಿ ಆ ಸಾಲನ್ನು ಕೈಯಾರೆ ಬರೆಯಬೇಕು.

ರಿಕ್ವೆಸ್ಟ್ ಮಾತ್ರ ಕಂಡು ರಿಪ್ಲೈ ಹೊರಡದಿದ್ದರೆ ಸರ್ವರ್‌ನೊಳಗಿನ ಫೈರ್‌ವಾಲ್ ನೋಡಿ.

ಏನೂ ಕಾಣದಿದ್ದರೆ ಎರಡು ಕಡೆ ಅನುಮಾನ. ಒಂದು, ಸೆಕ್ಯುರಿಟಿ ಗ್ರೂಪ್, ಅಂದರೆ ಸರ್ವರ್‌ನ ಹೊರಗಿರುವ ಎಡಬ್ಲ್ಯೂಎಸ್‌ನ ಫೈರ್‌ವಾಲ್. ಅದು ತಡೆದ ಪ್ಯಾಕೆಟ್ ಟಿಸಿಪಿಡಂಪ್‌ಗೆ ಕಾಣುವುದೇ ಇಲ್ಲ. ಇನ್ನೊಂದು, ಕಚೇರಿಯ ಫೈರ್‌ವಾಲ್‌ನ ನ್ಯಾಟ್, ಅಂದರೆ ವಿಳಾಸ ಬದಲಾವಣೆ. ಟನಲ್ ಸೇರುವ ಮೊದಲೇ ಅದು 192.168.10.25ನ್ನು ಪಬ್ಲಿಕ್ ಐಪಿಗೆ ಬದಲಾಯಿಸಿಬಿಟ್ಟರೆ, ಆ ಪ್ಯಾಕೆಟ್ ಟನಲ್‌ನ ನಿಯಮಕ್ಕೆ ಹೊಂದುವುದಿಲ್ಲ. 192.168.10.0/24ರಿಂದ 10.20.0.0/16ಕ್ಕೆ ‘ನ್ಯಾಟ್ ಬೇಡ’ ಎಂಬ ನಿಯಮ ಬರೆದು, ಮಾಮೂಲಿ ಇಂಟರ್ನೆಟ್ ನ್ಯಾಟ್ ನಿಯಮದ ಮೇಲೆ ಇಡಿ. ಕೆಳಗಿಟ್ಟರೆ ಅದರ ಸರದಿ ಬರುವುದೇ ಇಲ್ಲ.

ಸರ್ವರ್‌ನಿಂದ ಕಚೇರಿಯ ವಿಂಡೋಸ್ ಕಂಪ್ಯೂಟರ್‌ಗೆ ಪಿಂಗ್ ಕೊಟ್ಟು ಪರೀಕ್ಷಿಸಬೇಡಿ. ಬೇರೆ ಸಬ್‌ನೆಟ್‌ನಿಂದ ಬಂದ ಪಿಂಗ್‌ಗೆ ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಉತ್ತರಿಸುವುದಿಲ್ಲ. ರೂಟಿಂಗ್ ಸರಿಯಿದ್ದರೂ ಕೆಟ್ಟಿದೆ ಎನಿಸುತ್ತದೆ.

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ ನಮ್ಮದು. ವಿಪಿಎನ್ ಮೂಲಕ ಕ್ಲೌಡ್ ಸರ್ವರ್‌ಗೆ ಪಿಂಗ್ ಹೋಗುತ್ತದೆ, ಲಾಗಿನ್ ಪುಟವೂ ಬರುತ್ತದೆ. ದಿನದ ಲಾಟ್ ಪಟ್ಟಿ ತೆರೆದರೆ ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ.

ಉತ್ತರ: ಇದು ರೂಟ್ ದೋಷವಲ್ಲ, ಪ್ಯಾಕೆಟ್‌ನ ಅಳತೆಯದು. ವಿಂಡೋಸ್‌ನ ಪಿಂಗ್ ಒಯ್ಯುವುದು 32 ಬೈಟ್ ಮಾತ್ರ. ಲಾಟ್ ಪಟ್ಟಿ ಬರುವುದು 1500 ಬೈಟ್‌ನ ತುಂಬಿದ ಪ್ಯಾಕೆಟ್‌ಗಳಲ್ಲಿ. ವಿಪಿಎನ್ ಟನಲ್‌ನ ಐಪಿಸೆಕ್ ತನ್ನ ಗೂಢಲಿಪಿಯ ಹೊದಿಕೆ ಸೇರಿಸಿದಾಗ ಅದು ಲೈನ್‌ಗೆ ಹಿಡಿಸುವುದಿಲ್ಲ. ‘ಚಿಕ್ಕದಾಗಿ ಕಳಿಸು’ ಎನ್ನುವ ಐಸಿಎಂಪಿ ಸಂದೇಶವನ್ನು ನಡುವಿನ ಫೈರ್‌ವಾಲ್ ತಡೆದರೆ, ಸರ್ವರ್ ಅದೇ ಗಾತ್ರವನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ.

ಒಡೆಯದಂತೆ ಪಿಂಗ್ ಕಳಿಸಿ ನೋಡಿ: ವಿಂಡೋಸ್‌ನಲ್ಲಿ ಪಿಂಗ್‌ಗೆ ‘ಎಫ್’ ಮತ್ತು ‘ಎಲ್’ ಆಯ್ಕೆ ಕೊಟ್ಟು, 1472ರಿಂದ ಶುರುಮಾಡಿ 10ರಂತೆ ಇಳಿಸುತ್ತ ಬನ್ನಿ. ಉದಾಹರಣೆಗೆ 1392 ದಾಟಿದರೆ, ಹೆಡರ್‌ನ 28 ಸೇರಿ ದಾರಿಯ ಎಂಟಿಯು (ದಾಟಬಲ್ಲ ಅತಿದೊಡ್ಡ ಪ್ಯಾಕೆಟ್) 1420. ಅದರಲ್ಲಿ ಐಪಿ, ಟಿಸಿಪಿ ಹೆಡರ್‌ಗಳ 40 ಕಳೆದರೆ 1380. ಇದನ್ನೇ ಕಚೇರಿ ಫೈರ್‌ವಾಲ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ ಒಯ್ಯುವ ಮಾಹಿತಿಯ ಗರಿಷ್ಠ ಗಾತ್ರ) ಮಿತಿಯಾಗಿ ಹಾಕಿ. ಇರುವ ಸೆಷನ್‌ಗಳಿಗೆ ಇದು ತಟ್ಟುವುದಿಲ್ಲ, ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ.

ಪ್ರಶ್ನೆ: ಧಾರವಾಡದ ಮುಖ್ಯ ಕಚೇರಿ, ಗದಗ ಶಾಖೆ ಎರಡೂ 192.168.1.0/24. ಎರಡನ್ನೂ ಕ್ಲೌಡ್‌ಗೆ ಜೋಡಿಸಬಹುದೇ?

ಉತ್ತರ: ಹಾಗೆಯೇ ಆಗದು, ಒಂದೇ ವಿಳಾಸ ಎರಡೂರಿನಲ್ಲಿದ್ದರೆ ಉತ್ತರ ಎಲ್ಲಿಗೆ ಹೋಗಬೇಕು? ನ್ಯಾಟ್ ಹಾಕಿ ದಬ್ಬಬಹುದು, ಆದರೆ ಮುಂದೆ ಪ್ರತಿ ದೋಷ ಹುಡುಕುವಾಗಲೂ ಅದು ಕಾಡುತ್ತದೆ. ಚಿಕ್ಕ ಶಾಖೆಯ ವಿಳಾಸ ಬದಲಿಸುವುದೇ ಮೇಲು. ಆಗುವುದಾದರೆ ಧಾರವಾಡಕ್ಕೆ 10.50.1.0/24, ಗದಗಕ್ಕೆ 10.50.2.0/24 ಕೊಡಿ, ಕ್ಲೌಡ್‌ನಲ್ಲಿ 10.50.0.0/16 ಎಂಬ ಒಂದೇ ಸಾಲು ಸಾಕು, ನಾಳೆ ಹಾವೇರಿ ಶಾಖೆ ಬಂದರೂ ಅದರೊಳಗೇ ಕೂರುತ್ತದೆ. 172.17.0.0/16 ಡಾಕರ್ ಸಾಫ್ಟ್‌ವೇರ್‌ನದು, 172.31.0.0/16 ಎಡಬ್ಲ್ಯೂಎಸ್‌ನ ಡಿಫಾಲ್ಟ್ ವಿಪಿಸಿಯದು, ಅವನ್ನು ಮುಟ್ಟಬೇಡಿ. ಬದಲಿಸುವ ದಿನಕ್ಕೆ ಮುಂಚೆ ಪ್ರಿಂಟರ್, ಹಾಜರಿ ಯಂತ್ರ, ಸಿಸಿಟಿವಿ ರೆಕಾರ್ಡರ್‌ಗಳ ಸ್ಥಿರ ಐಪಿಗಳನ್ನು ಬರೆದಿಟ್ಟುಕೊಳ್ಳಿ. ವಿಳಾಸ ಹಂಚುವ ಡಿಎಚ್‌ಸಿಪಿ ಬದಲಿಸಿದರೆ ಕಂಪ್ಯೂಟರ್‌ಗಳು ತಾವಾಗಿ ಹೊಸ ವಿಳಾಸ ಪಡೆಯುತ್ತವೆ, ಇವು ಪಡೆಯುವುದಿಲ್ಲ.