ಗಾಳಿಗೆ ಬೀಳದ ಟವರ್ ಮೂಕವಾಗುವುದೇಕೆ?

ಪ್ರಶ್ನೆ: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಮನೆಯ ಹಿಂದಿನ ಮೊಬೈಲ್ ಟವರ್ ನೆಟ್ಟಗೆ ನಿಂತೇ ಇತ್ತು. ಆದರೂ ಸಂಜೆಯ ಹೊತ್ತಿಗೆ ಸಿಗ್ನಲ್ ಹೋಯಿತು. ಮರಳಿ ಬಂದದ್ದು ಮೂರನೆಯ ದಿನ. ಟವರಿಗೆ ಏನೂ ಆಗದಿದ್ದರೂ ಹೀಗೇಕೆ?
– ಓದುಗರೊಬ್ಬರು, ಕುಮಟಾ

ಉತ್ತರ: ಟವರ್ ಎಂಬುದು ಆಂಟೆನಾಗಳನ್ನು ಎತ್ತರದಲ್ಲಿ ಹಿಡಿದಿಡುವ ಕಬ್ಬಿಣದ ಚೌಕಟ್ಟು ಅಷ್ಟೆ. ಅದಕ್ಕೆ ಜೀವ ಕೊಡುವುದು ಬುಡಕ್ಕೆ ಬರುವ ಕರೆಂಟು ಮತ್ತು ಅದನ್ನು ಉಳಿದ ಜಾಲಕ್ಕೆ ಜೋಡಿಸುವ ಫೈಬರ್ ಕೇಬಲ್. ಇವೆರಡರಲ್ಲಿ ಒಂದು ಕೈಕೊಟ್ಟರೂ ಟವರ್ ಮೂಕವಾಗುತ್ತದೆ. ಬಿರುಗಾಳಿಗೆ ಮೊದಲು ಬೀಳುವುದು ವಿದ್ಯುತ್ ಕಂಬಗಳು. ಆಗ ಟವರಿನ ಬುಡದಲ್ಲಿರುವ 48 ವೋಲ್ಟಿನ ಬ್ಯಾಟರಿಗಳು ಕೆಲವು ಗಂಟೆ ಕೆಲಸ ನಡೆಸುತ್ತವೆ. ನಂತರದ ಭಾರ ಜನರೇಟರ್ ಇದ್ದಲ್ಲಿ ಅದರ ಮೇಲೆ, ಅಂದರೆ ಡೀಸೆಲ್ ಮೇಲೆ. ರಸ್ತೆಗೆ ಮರ ಅಡ್ಡಬಿದ್ದು ಡೀಸೆಲ್ ಗಾಡಿ ಬರಲಾಗದಿದ್ದರೆ ಅಲ್ಲಿಗೆ ಎಲ್ಲವೂ ನಿಂತಿತು. ನಿಮ್ಮ ಊರಿನ ಟವರಿಗೂ ಬಹುಶಃ ಇದೇ ಆಗಿರಬೇಕು.

2019ರ ಮೇ 3ರಂದು ಪುರಿಯ ಬಳಿ ದಡ ಸೇರಿದ ಫನಿ ಚಂಡಮಾರುತ ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿತು. ಗಾಳಿ ಬರುವ ಮೊದಲು ಒಡಿಶಾ ಸರ್ಕಾರ ಸುಮಾರು 26 ಲಕ್ಷ ಎಸ್‌ಎಂಎಸ್‌ಗಳನ್ನು ಕಳುಹಿಸಿ, ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಜಾಗಗಳಿಗೆ ಸಾಗಿಸಿತ್ತು. ಎಚ್ಚರಿಕೆ ಕೊಡುವ ಆ ಕೆಲಸವನ್ನು ಫೋನು ಚೆನ್ನಾಗಿಯೇ ಮಾಡಿತು. ಆದರೆ ಗಾಳಿ ಹೋದ ಮೇಲೆ ಕರೆಂಟಿಲ್ಲದ ದಿನಗಳಲ್ಲಿ, ಬಂಧುಗಳ ಕ್ಷೇಮ ತಿಳಿಯಲು ಜನರಿಗೆ ಫೋನು ಅತ್ಯಗತ್ಯವಾಗಿದ್ದಾಗ, ಪುರಿ ಮತ್ತು ಭುವನೇಶ್ವರದಲ್ಲಿ ಜಾಲ ಕುಸಿದಿತ್ತು. ಆದ್ದರಿಂದ ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟೊಡನೆ ಟ್ಯಾಂಕುಗಳನ್ನು ತುಂಬಿಸಿ, ಕೇಬಲ್ ಸುರುಳಿಗಳನ್ನೂ ಬಿಡಿಭಾಗಗಳನ್ನೂ ಗಾಳಿಯ ದಾರಿಯಿಂದ ದೂರದಲ್ಲಿ ಕೂಡಿಟ್ಟು, ಮರ ಕೊಯ್ಯುವ ಗರಗಸದೊಂದಿಗೆ ಕೆಲಸಗಾರರನ್ನು ಮೊದಲೇ ನಿಲ್ಲಿಸುವುದೇ ನಿಜವಾದ ಸಿದ್ಧತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದುರಸ್ತಿಗೂ ಒಂದು ಕ್ರಮವಿದೆ. ಹತ್ತಾರು ಟವರುಗಳ ಸಂಪರ್ಕವನ್ನು ಹೊತ್ತಿರುವ ಕೇಂದ್ರಗಳಿಗೆ ಮೊದಲು ಕರೆಂಟು ಕೊಡಬೇಕು, ಆಮೇಲೆ ಉಳಿದವಕ್ಕೆ. ಬೇರುಸಹಿತ ಉರುಳಿದ ಮರ ಎಳೆದು ತುಂಡರಿಸಿದ ಫೈಬರನ್ನು ಬೆಸೆಯುವುದು ತಾಳ್ಮೆಯ ಕೆಲಸ: ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳನ್ನು ಒಂದೊಂದಾಗಿ ಒರೆಸಿ, ನೇರವಾಗಿ ಕತ್ತರಿಸಿ, ಪುಟ್ಟ ಯಂತ್ರದೊಳಗೆ ಎದುರುಬದುರಾಗಿಟ್ಟು ವಿದ್ಯುತ್ ಕಿಡಿಯಿಂದ ಕರಗಿಸಿ ಕೂಡಿಸುತ್ತಾರೆ. ಮಳೆ ಹನಿಯುತ್ತಿದ್ದರೆ ರಸ್ತೆಯಂಚಿನಲ್ಲಿ ತಾಡಪಾಲು ಕಟ್ಟಿಕೊಂಡು ಇಷ್ಟೆಲ್ಲ ಮಾಡಬೇಕು. ಫೈಬರ್ ಇಲ್ಲದ ಕಡೆ ಎರಡು ಟವರುಗಳ ತಟ್ಟೆಯಾಕಾರದ ಮೈಕ್ರೋವೇವ್ ಆಂಟೆನಾಗಳು ಒಂದನ್ನೊಂದು ನೋಡುತ್ತಿರುತ್ತವೆ. ಗಾಳಿ ಒಂದನ್ನು ಒಂದೆರಡು ಡಿಗ್ರಿಯಷ್ಟು ತಿರುಗಿಸಿದರೂ ಸಂಪರ್ಕ ತಪ್ಪಬಹುದು, ಆಗ ಯಾರಾದರೂ ಮೇಲೆ ಹತ್ತಿ ಬೋಲ್ಟು ಸಡಿಲಿಸಿ ಮತ್ತೆ ಗುರಿ ಹಿಡಿಯಬೇಕು.

ಪ್ರಶ್ನೆ: ಯಾವ ಗಾಳಿಗೂ ಬೀಳದ ಟವರ್ ಕಟ್ಟಲಾಗದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಐಎಸ್ 875 ಎಂಬ ಭಾರತೀಯ ಮಾನಕ, ಕಟ್ಟುವಾಗ ಲೆಕ್ಕಕ್ಕೆ ಹಿಡಿಯಬೇಕಾದ ಆಯಾ ಪ್ರದೇಶದ ಗಾಳಿಯ ವೇಗವನ್ನು ನಿಗದಿಪಡಿಸಿದೆ. ಭುವನೇಶ್ವರಕ್ಕೆ ಅದು ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ.; ಮಂಗಳೂರಿಗೆ 39 ಮೀಟರ್. ಅದಕ್ಕಿಂತ ಬಲವಾಗಿ ಕಟ್ಟಲು ಅಡ್ಡಿಯಿಲ್ಲ, ಆದರೆ ಆ ಹಣವನ್ನು ಬ್ಯಾಟರಿಗೆ ಹಾಕಿದರೆ ಹೆಚ್ಚು ಊರುಗಳಿಗೆ ಉಪಯೋಗ.

ಪ್ರಶ್ನೆ: ನಮ್ಮ ಕಂಪನಿಯ ಸಿಗ್ನಲ್ ಹೋದಾಗಲೂ ಪಕ್ಕದ ಮನೆಯವರ ಫೋನು ನಡೆಯುತ್ತಿರುತ್ತದೆ. ಆ ಸಿಗ್ನಲ್ ನಮಗೂ ಸಿಗುವಂತಿಲ್ಲವೇ?
– ಓದುಗರೊಬ್ಬರು, ಕಾರವಾರ

ಉತ್ತರ: ವಿಪತ್ತಿನ ದಿನಗಳಲ್ಲಿ ಸಿಗುತ್ತದೆ. ದೂರಸಂಪರ್ಕ ಇಲಾಖೆ ಆದೇಶಿಸಿದಾಗ ಒಂದು ಕಂಪನಿಯ ಗ್ರಾಹಕರು ಇನ್ನೊಂದರ ಟವರನ್ನು ಬಳಸಬಹುದು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿಗೆ ಅಪ್ಪಳಿಸಿದಾಗ ಹೀಗೆಯೇ ಮಾಡಲಾಯಿತು. ಫೋನು ತಾನಾಗಿ ಹಿಡಿಯದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು, ಆಟೊಮ್ಯಾಟಿಕ್ ಆಯ್ಕೆಯನ್ನು ತೆಗೆದು, ಕಾಣಿಸುವ ಬೇರೊಂದು ಹೆಸರನ್ನು ಒತ್ತಿ ನೋಡಿ. ಉಳಿದಿರುವ ಟವರಿನ ಮೇಲೆ ಎಲ್ಲರ ಹೊರೆ ಬೀಳುವುದರಿಂದ ಕರೆ ಮಾಡುವ ಬದಲು ಎಸ್‌ಎಂಎಸ್ ಕಳುಹಿಸಿ. ಕರೆ ಹೋಗದಷ್ಟು ದಟ್ಟಣೆಯಲ್ಲೂ ಅದು ದಾಟಿಹೋಗುವುದುಂಟು. ನಿಮ್ಮ ಕಂಪನಿಯ ಸೇವೆ ಮರಳಿದ ಮೇಲೆ ಆಟೊಮ್ಯಾಟಿಕ್‌ಗೆ ಹಿಂದಿರುಗಿಸಲು ಮರೆಯಬೇಡಿ.