ಹುಟ್ಟಿನಿಂದ ಸೊಟ್ಟಗಿದ್ದ ಪಾದದ ಬೆರಳುಗಳ ಬುಡದಲ್ಲಿ ಬಿಡದ ನೋವು: ಮಾತ್ರೆಯಲ್ಲದೆ ಬೇರೆ ದಾರಿಯಿದೆಯೇ?

ಹುಟ್ಟುವಾಗಲೇ ಒಳಕ್ಕೆ ತಿರುಗಿದ್ದ ನಿಮ್ಮ ಪಾದಕ್ಕೆ ಎಳವೆಯಲ್ಲಿ ಶಸ್ತ್ರಚಿಕಿತ್ಸೆಯಾಗಿದೆ, ಈಗ ದಿನವಿಡೀ ನಿಂತು ಕೆಲಸ ಮಾಡಿದರೆ ಸಂಜೆಗೆ ಬೆರಳುಗಳ ಬುಡ ಕೆಂಡ ತುಳಿದಂತೆ ಉರಿಯುತ್ತದೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಎಡಗಾಲಿನಲ್ಲಿ ಇಂಥದೇ ಒಳತಿರುಗಿದ ಪಾದದೊಂದಿಗೆ (ಕ್ಲಬ್ ಫುಟ್) ಹುಟ್ಟಿ, ಇದೇ ನೋವನ್ನು ಹನ್ನೆರಡು ವರ್ಷಗಳಿಂದ ನಿಭಾಯಿಸುತ್ತಿರುವವನು.

ಈಗಿನ ಶಿಶುಗಳಿಗೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ನೇರಗೊಳಿಸುತ್ತಾರೆ. ನಮ್ಮ ಕಾಲದ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ ಪಾದ ನೋಡಲು ನೇರವಾದರೂ ಕೀಲುಗಳು ಬಿಗಿಯಾಗಿ ಉಳಿಯುವುದುಂಟು. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗಿದ್ದರೆ ಪಾದ ಮೇಲ್ಮುಖವಾಗಿ ಪೂರ್ತಿ ಬಾಗುವುದಿಲ್ಲ. ಹೆಜ್ಜೆಯಿಡುವಾಗ ಹಿಮ್ಮಡಿ ಬೇಗನೆ ನೆಲ ಬಿಡುವುದರಿಂದ ಭಾರವೆಲ್ಲ ಬೆರಳುಗಳ ಬುಡದ ಮೂಳೆತುದಿಗಳ ಮೇಲೆ ಬಿದ್ದು, ಅಲ್ಲಿನ ಚರ್ಮ ದಪ್ಪಗಟ್ಟುತ್ತದೆ. ಮಾತ್ರೆ ಈ ಭಾರವನ್ನು ಕದಲಿಸಲಾರದು.

ನನಗೆ ಹೆಚ್ಚು ನೆರವಾದದ್ದು ಮೆಟಾಟಾರ್ಸಲ್ ಪ್ಯಾಡ್, ಅಂದರೆ ಬೆರಳುಗಳ ಮೂಳೆಬುಡಕ್ಕೆ ಆಸರೆ ಕೊಡಲು ಶೂ ಒಳಗೆ ಅಂಟಿಸುವ ಪುಟ್ಟ ಮೆತ್ತೆ, ಅದೂ ಎರಡನೆಯ ಪ್ರಯತ್ನದಲ್ಲಿ. ಮೊದಲು ಮಾಡಿಸಿದ ಇನ್ಸೋಲ್‌ನಲ್ಲಿ (ಶೂ ಒಳಗೆ ಹಾಸುವ ಪದರ) ಪ್ಯಾಡನ್ನು ನೋಯುವ ಜಾಗದ ಕೆಳಗೇ ಅಂಟಿಸಿದ್ದರು, ನೋವು ಇಮ್ಮಡಿಯಾಯಿತು. ಮತ್ತೊಬ್ಬ ತಂತ್ರಜ್ಞರು ದಪ್ಪಗಟ್ಟಿದ ಚರ್ಮಕ್ಕೆ ಲಿಪ್‌ಸ್ಟಿಕ್ ಹಚ್ಚಿ, ಶೂ ತೊಡಿಸಿ ನಾಲ್ಕು ಹೆಜ್ಜೆ ನಡೆಸಿದರು. ಇನ್ಸೋಲ್ ಮೇಲೆ ಮೂಡಿದ ಕೆಂಪು ಗುರುತಿಗಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ, ಪ್ಯಾಡ್ ಕೂರಿಸಿದರು. ನೋಯುವ ಮೂಳೆಯ ಹಿಂದಿನ ಭಾಗ ಭಾರ ಹೊತ್ತರೆ ಮೂಳೆತುದಿಗೆ ಬಿಡುವು ಸಿಗುತ್ತದೆ.

ಪಾದರಕ್ಷೆಯ ಅಟ್ಟೆ ಗಟ್ಟಿಯಾಗಿದ್ದು, ಮುಂಭಾಗ ತೊಟ್ಟಿಲ ತಳದಂತೆ ಮೇಲಕ್ಕೆ ಬಾಗಿರಲಿ. ಮನೆಯೊಳಗೂ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡದೆ ಮೆತ್ತನೆಯ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಧರಿಸಿ (ಅಮ್ಮನ ಆಕ್ಷೇಪಣೆಯನ್ನು ನಾನು ಈಗಲೂ ಕೇಳಿಸಿಕೊಳ್ಳುತ್ತೇನೆ). ದಪ್ಪ ಚರ್ಮವನ್ನು ಬ್ಲೇಡಿನಿಂದ ಕೆತ್ತಬೇಡಿ; ಬೆಚ್ಚಗಿನ ನೀರಲ್ಲಿ ನೆನೆಸಿ ಉಜ್ಜುಗಲ್ಲಿನಿಂದ ಮೆಲ್ಲಗೆ ತಿಕ್ಕಿದರೆ ಸಾಕು. ಮಧುಮೇಹವಿದ್ದರೆ ಅದನ್ನೂ ವೈದ್ಯರಿಗೇ ಬಿಡಿ.

ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸುವ ವ್ಯಾಯಾಮವನ್ನು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮಂಥವರಲ್ಲಿ ಕೆಲವರಿಗೆ ಅಡ್ಡಿಯಿರುವುದು ಮೂಳೆಯ ಆಕಾರದಲ್ಲೇ. ಹಿಗ್ಗಿಸುವಾಗ ಹಿಂದೆ ಎಳೆತವಾಗುವ ಬದಲು ಕಣಕಾಲ ಕೀಲಿನ ಮುಂಭಾಗದಲ್ಲಿ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಿ, ಎಕ್ಸ್‌ರೇ ಮಾಡಿಸಿ. ಹೊಸದಾಗಿ ಜೋಮು, ಹುಣ್ಣು ಅಥವಾ ಪಾದದ ಆಕಾರದಲ್ಲಿ ಬದಲಾವಣೆ ಕಂಡರೆ ತಡಮಾಡದೆ ಮೂಳೆತಜ್ಞರನ್ನು ಕಾಣಿ. ಹೋಗುವಾಗ ವರ್ಷವಿಡೀ ಮೆಟ್ಟಿದ ಹಳೆಯ ಶೂಗಳನ್ನೂ ಒಯ್ಯಿರಿ. ಭಾರ ಎಲ್ಲಿ ಬೀಳುತ್ತಿದೆ ಎಂಬುದನ್ನು ಸವೆದ ಅಟ್ಟೆಯೇ ತೋರಿಸುತ್ತದೆ.