ಬರಹಗಾರರಿಗೆ ಸಲಹೆ: ಬೆಲೆ ಯಾರು ಇಟ್ಟರು, ನಷ್ಟ ಯಾರು ಹೊತ್ತರು

ಪ್ರಿಯರೆ,

‘ಮಾರುಕಟ್ಟೆ ಮತ್ತು ಸಮಾಜವಾದ: ಎಣ್ಣೆ ಸೀಗೆಕಾಯಿಯೇ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದ್ದೇವೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡುವಂಥ ಬರಹವೂ ಅಲ್ಲ. ಕನ್ನಡದಲ್ಲಿ ಈ ಚರ್ಚೆ ಘೋಷಣೆಯ ಮಟ್ಟ ದಾಟುವುದೇ ಅಪರೂಪ, ನೀವು ದಾಟಲು ನೋಡಿದ್ದೀರಿ. ಅದಕ್ಕೇ ಎಲ್ಲೆಲ್ಲಿ ಎಡವಿದೆ ಎಂದು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲ ಎರಡು ಪುಟ ತೆಗೆದುಹಾಕಿ. ಅಲ್ಲಿ ಮಾರುಕಟ್ಟೆ, ಬಂಡವಾಳಶಾಹಿ ಎರಡೂ ಒಂದೇ ಎಂಬಂತೆ ಬರೆದಿದ್ದೀರಿ. ಅವೆರಡೂ ಒಂದೇ ಆಗಿದ್ದರೆ ನಿಮ್ಮ ತಲೆಬರಹದ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕಾರ್ಖಾನೆ ಯಾರದ್ದು ಎನ್ನುವುದು ಒಂದು ಪ್ರಶ್ನೆ. ಅದರ ಸರಕಿಗೆ ಬೆಲೆ ಇಡುವವರು ಯಾರು ಎನ್ನುವುದು ಇನ್ನೊಂದು. ನಷ್ಟವಾದರೆ ಯಾರ ತಲೆಗೆ ಬರುತ್ತದೆ ಎನ್ನುವುದು ಮೂರನೆಯದು. ನೀವು ಕೊಟ್ಟಿರುವ ಪ್ರತಿ ಉದಾಹರಣೆಗೂ ಈ ಮೂರನ್ನು ಕೇಳಿ ನೋಡಿ. ಉತ್ತರ ಸಿಗದ ಉದಾಹರಣೆ ಲೇಖನದಲ್ಲಿ ಇರಬೇಕಾಗಿಲ್ಲ.

ಮೂರನೇ ಪುಟದಲ್ಲಿ ‘ಮೀಸಸ್ ಆಕ್ಷೇಪಕ್ಕೆ ಲಾಂಗೆ ಮಾರುಕಟ್ಟೆಯನ್ನು ಒಪ್ಪಿಕೊಂಡು ಉತ್ತರ ಕೊಟ್ಟರು’ ಎಂದಿದೆ. ಇದು ಅರ್ಧ ಮಾತ್ರ ಸರಿ. 1920ರಲ್ಲಿ ವಿಯೆನ್ನಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸಸ್ ಸಮಾಜವಾದದ ವಿರುದ್ಧ ಎತ್ತಿದ ಮಾತು ಇಷ್ಟು: ಯಂತ್ರ, ಕಬ್ಬಿಣ, ಕಲ್ಲಿದ್ದಲು ಎಲ್ಲವೂ ಒಬ್ಬನೇ ಒಡೆಯನ ಸ್ವತ್ತಾದರೆ ಅವುಗಳ ಕೊಡುಕೊಳ್ಳುವಿಕೆ ನಿಂತುಹೋಗುತ್ತದೆ, ಕೊಡುಕೊಳ್ಳುವಿಕೆ ಇಲ್ಲದ ಕಡೆ ಬೆಲೆ ಹುಟ್ಟುವುದಿಲ್ಲ, ಬೆಲೆಯಿಲ್ಲದೆ ಇದ್ದ ಕಬ್ಬಿಣವನ್ನು ಹಳಿಗೆ ಹಾಕಬೇಕೋ ನೇಗಿಲಿಗೆ ಹಾಕಬೇಕೋ ಲೆಕ್ಕಕ್ಕೆ ಸಿಗುವುದಿಲ್ಲ. ಪೋಲೆಂಡಿನ ಸಮಾಜವಾದಿ ಅರ್ಥಶಾಸ್ತ್ರಜ್ಞ ಆಸ್ಕರ್ ಲಾಂಗೆ 1936–37ರಲ್ಲಿ ಕೊಟ್ಟ ಉತ್ತರದಲ್ಲಿ ನಿಜವಾದ ಮಾರುಕಟ್ಟೆ ಇರುವುದು ಎರಡೇ ಕಡೆ: ಜನ ಕೊಳ್ಳುವ ಬಳಕೆಯ ಸರಕಿನಲ್ಲಿ, ಜನ ಆರಿಸಿಕೊಳ್ಳುವ ಕೆಲಸದಲ್ಲಿ. ಯಂತ್ರಕ್ಕೆ, ಕಚ್ಚಾಮಾಲಿಗೆ ಕೇಂದ್ರ ಯೋಜನಾ ಮಂಡಳಿ ಬೆಲೆಪಟ್ಟಿ ಹೊರಡಿಸುತ್ತದೆ. ಕಾರ್ಖಾನೆಯ ವ್ಯವಸ್ಥಾಪಕರಿಗೆ ಎರಡು ನಿಯಮ: ಪಟ್ಟಿಯ ಬೆಲೆಗಳಲ್ಲಿ ಸರಾಸರಿ ವೆಚ್ಚ ಅತಿ ಕಡಿಮೆ ಬೀಳುವ ವಿಧಾನ ಆರಿಸಿಕೊಳ್ಳಿ; ಸೀಮಾಂತ ವೆಚ್ಚ ಬೆಲೆಗೆ ಸಮವಾಗುವಷ್ಟು ತಯಾರಿಸಿ. ಉಕ್ಕು ಸಾಲದೆ ಬಂದರೆ ಮಂಡಳಿ ಬೆಲೆ ಏರಿಸುತ್ತದೆ, ಗೋದಾಮಿನಲ್ಲಿ ರಾಶಿ ಬಿದ್ದರೆ ಇಳಿಸುತ್ತದೆ. ಈ ಏರ್ಪಾಡಿನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಅದಿಲ್ಲದೆ ಓದುಗರಿಗೆ ಮುಂದಿನದು ಯಾವುದೂ ತಿಳಿಯದು. ‘ಸೀಮಾಂತ ವೆಚ್ಚ’ ಎಂದು ಬರೆದು ಬಿಡಬೇಡಿ. ಇನ್ನೊಂದು ಟನ್ ಹೆಚ್ಚಿಗೆ ಮಾಡಲು ತಗಲುವ ಖರ್ಚು ಎಂದು ಒಮ್ಮೆ ಬಿಡಿಸಿ ಹೇಳಿ.

ಆಸ್ಟ್ರಿಯಾ ಮೂಲದ ಅರ್ಥಶಾಸ್ತ್ರಜ್ಞ ಹಯೆಕ್ ಬಗ್ಗೆ ಬರೆದ ಪ್ಯಾರಾ ಪೂರ್ತಿ ಬದಲಾಗಬೇಕು. ‘ಸಮಾಜವಾದದಿಂದ ಸ್ವಾತಂತ್ರ್ಯ ಹಾಳಾಗುತ್ತದೆ ಎಂದರು’ ಎಂದಿದ್ದೀರಿ. ಅವರು ಹಾಗೆ ವಾದಿಸಿದ್ದು ನಿಜ, ಆದರೆ ಅದು ಬೇರೆ ಚರ್ಚೆ. ಲಾಂಗೆಗೆ 1940ರಲ್ಲಿ ಅವರು ಕೊಟ್ಟ ಉತ್ತರ ದಿನಬಳಕೆಯ ವ್ಯವಹಾರಕ್ಕೆ ಸಂಬಂಧಿಸಿದ್ದು. ಒಂದೇ ನಮೂನೆಯ, ದಿನದಿನವೂ ತಯಾರಾಗುವ ಸರಕಿಗೆ ಬೆಲೆಪಟ್ಟಿ ನಡೆದೀತು. ಅಳತೆ ಕೊಟ್ಟು ಮಾಡಿಸುವ ಯಂತ್ರ, ಕಟ್ಟಡ, ಹಡಗು ಇವುಗಳ ಗತಿ ಏನು? ಅದೇ ವಸ್ತು ಎರಡನೇ ಸಲ ತಯಾರಾಗದಿದ್ದ ಮೇಲೆ ಕೊರತೆ ನೋಡಿ, ರಾಶಿ ನೋಡಿ ಬೆಲೆ ತಿದ್ದುವುದಾದರೂ ಹೇಗೆ? ಇನ್ನೂ ಮುಖ್ಯವಾದದ್ದು, ಅತಿ ಕಡಿಮೆ ವೆಚ್ಚ ಎಷ್ಟು ಎಂಬುದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಪೈಪೋಟಿಗೆ ಬಿದ್ದವರು ಹುಡುಕಿದಾಗಲೇ ಅದು ಕಾಣುವುದು. ಕೊನೇ ಪುಟದಲ್ಲಿ ‘ಇಂದಿನ ಕಂಪ್ಯೂಟರಿಗೆ ಇದು ಲೆಕ್ಕವೇ ಅಲ್ಲ’ ಎಂದು ನಿಮ್ಮದೇ ಹೊಸ ವಾದದಂತೆ ಬರೆದಿದ್ದೀರಿ. ಲಾಂಗೆಯೇ ತಮ್ಮ ಕೊನೆಗಾಲದಲ್ಲಿ ಹೀಗೆ ವಾದಿಸಿದ್ದರು. ಅವರು ತೀರಿಕೊಂಡ ಮೇಲೆ, 1967ರಲ್ಲಿ, ಆ ಬರಹ ಅಚ್ಚಾಯಿತು. ವಾದ ಇಟ್ಟುಕೊಳ್ಳಿ, ಆದರೆ ಅವರ ಹೆಸರಿನಲ್ಲೇ ಇಡಿ. ಇನ್ನೂ ಹುಟ್ಟಿರದ ಅಂಕಿಯನ್ನು ಕಂಪ್ಯೂಟರಿಗೆ ಊಡಿಸುವವರು ಯಾರು ಎಂಬ ಪ್ರಶ್ನೆಯನ್ನೂ ಪಕ್ಕದಲ್ಲೇ ಎದುರಿಸಿ.

ಹಂಗೇರಿಗೆ ಎರಡು ಸಾಲು ಕೊಟ್ಟಿದ್ದೀರಿ. ಅದು ಒಂದು ಪುಟ ಬೇಡುತ್ತದೆ. 1968ರ ಜನವರಿ 1ರಿಂದ ಅಲ್ಲಿ ಕಾರ್ಖಾನೆಗಳಿಗೆ ‘ಇಷ್ಟು ಟನ್ ತಯಾರಿಸಿ’ ಎಂಬ ಕಡ್ಡಾಯ ಗುರಿ ರದ್ದಾಯಿತು, ಲಾಭ ನೋಡಿ ನಡೆಯಿರಿ ಎಂದರು. ಆದರೂ ಕೊರತೆ ಪೂರ್ತಿ ನೀಗಲಿಲ್ಲ. ಕಾರಣ ಹೇಳಿದವರು ಅಲ್ಲಿಯವರೇ ಆದ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್. ನಷ್ಟದಲ್ಲಿದ್ದ ಕಾರ್ಖಾನೆಯನ್ನು ಸರ್ಕಾರ ಮುಳುಗಲು ಬಿಡುತ್ತಿರಲಿಲ್ಲ: ಸಹಾಯಧನ, ತೆರಿಗೆ ಮಾಫಿ, ತೀರಿಸದಿದ್ದರೂ ನಡೆಯುವ ಸಾಲ, ಇಲ್ಲವೇ ಅದರ ಸರಕಿಗೆ ಹೆಚ್ಚು ಬೆಲೆ. ಮುಳುಗುವ ಭಯವಿಲ್ಲದವರು ಕಚ್ಚಾಮಾಲಿನ ಬೆಲೆ ಏರಿದರೂ ಕೊಳ್ಳುವುದು ನಿಲ್ಲಿಸುವುದಿಲ್ಲ, ಸಿಕ್ಕಷ್ಟು ತಂದು ಗುಡ್ಡೆ ಹಾಕುತ್ತಾರೆ. ಬೆಲೆ ಇದ್ದೂ ಅದು ಕೆಲಸ ಮಾಡದೆ ಹೋದದ್ದು ಹೀಗೆ. ನೀವು ಬಳಸಿದ ‘ಮೃದು ಬಜೆಟ್ ನಿರ್ಬಂಧ’ ಕನ್ನಡ ಓದುಗರ ಕಿವಿಗೆ ಹತ್ತುವುದಿಲ್ಲ. ‘ನಷ್ಟ ತುಂಬಿಕೊಡುವ ಕೈ’ ಎಂದರೂ ಅರ್ಥ ಕೆಡುವುದಿಲ್ಲ.

ಯುಗೊಸ್ಲಾವಿಯ ಭಾಗದಲ್ಲಿ ‘ಕಾರ್ಮಿಕರೇ ಒಡೆಯರಾದ್ದರಿಂದ ನಿರುದ್ಯೋಗ ಇರಲಿಲ್ಲ’ ಎಂಬ ವಾಕ್ಯವಿದೆ. ಎರಡೂ ತಪ್ಪು. 1950ರ ಕಾನೂನು ಕಾರ್ಮಿಕ ಮಂಡಳಿಗಳಿಗೆ ಕೊಟ್ಟದ್ದು ಆಡಳಿತ. ಸ್ವತ್ತು ಕ್ರಮೇಣ ‘ಸಮಾಜದ್ದು’ ಎನಿಸಿಕೊಂಡಿತು, ಕೆಲಸ ಬಿಟ್ಟು ಹೋಗುವವನು ತನ್ನ ಪಾಲು ಮಾರಿಕೊಳ್ಳುವಂತಿರಲಿಲ್ಲ. ಮಾರುಕಟ್ಟೆಗೆ ಇನ್ನಷ್ಟು ಬಾಗಿಲು ತೆರೆದ 1965ರ ಸುಧಾರಣೆಯ ನಂತರ ಲಕ್ಷಾಂತರ ಜನ ಕೆಲಸ ಹುಡುಕಿ ಪಶ್ಚಿಮ ಜರ್ಮನಿ ಮೊದಲಾದ ಕಡೆ ಹೋದರು. ಯಾಕೆ ಹೀಗಾಗಬಹುದು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಬೆಂಜಮಿನ್ ವಾರ್ಡ್ 1958ರಲ್ಲೇ ತರ್ಕ ಕೊಟ್ಟಿದ್ದರು. ಅದನ್ನು ಲೆಕ್ಕವಾಗಿಯೇ ತೋರಿಸಿ, ಹೀಗೆ:

ಒಂದು ಕಾರ್ಖಾನೆಯ ಸ್ಥಿರ ಖರ್ಚು 1,000 ಎನ್ನಿ. 9 ಜನರಿದ್ದರೆ ಮಾರಾಟ 2,790. ಸ್ಥಿರ ಖರ್ಚು ಕಳೆದು ಉಳಿದದ್ದರಲ್ಲಿ ತಲಾ ಪಾಲು ಸುಮಾರು 199. 10 ಜನರಿದ್ದರೆ 3,000, ಪಾಲು 200. 11 ಜನರಿದ್ದರೆ 3,150. ಪಾಲು ಸುಮಾರು 195. ಹೊರಗೆ 100ಕ್ಕೆ ದುಡಿಯಲು ಒಬ್ಬ ನಿಂತಿದ್ದಾನೆ, ಅವನಿಂದ 150ರಷ್ಟು ಸರಕು ಹೆಚ್ಚುತ್ತದೆ. ಸಂಬಳ ಕೊಡುವ ಮಾಲೀಕ ಅವನನ್ನು ಸೇರಿಸಿಕೊಳ್ಳುತ್ತಾನೆ. ಸಮಪಾಲು ಹಂಚಿಕೊಳ್ಳುವ ಹತ್ತು ಜನ ಸೇರಿಸಿಕೊಳ್ಳುವುದಿಲ್ಲ, ಅವರ ಪಾಲು ಇಳಿಯುತ್ತದಲ್ಲ. ಈಗ ಸರಕಿನ ಬೆಲೆ ಇಮ್ಮಡಿಯಾಯಿತು ಎನ್ನಿ. 10 ಜನಕ್ಕೆ ಪಾಲು 500. 9 ಜನಕ್ಕಾದರೆ ಸುಮಾರು 509. ಬೆಲೆ ಏರಿದಾಗ ಆಳು ಕಡಿಮೆ ಮಾಡುವುದೇ ಲಾಭವೆಂದು ಲೆಕ್ಕ ಹೇಳುತ್ತದೆ! ಇಲ್ಲಿ ಒಂದು ಎಚ್ಚರ: ಜೊತೆಯಲ್ಲಿ ದುಡಿದವನನ್ನು ಯಾರೂ ಸುಲಭಕ್ಕೆ ಹೊರಗೆ ಹಾಕುವುದಿಲ್ಲ. ನಿವೃತ್ತರಾದವರ ಜಾಗ ತುಂಬದೆ ಬಿಡುವ ರೂಪದಲ್ಲಿ ಇದು ಕಾಣಿಸಿಕೊಂಡೀತು ಎನ್ನಿ, ಅದಕ್ಕಿಂತ ಮುಂದೆ ಹೋಗಬೇಡಿ.

ಚೀನಾದ ‘ಯಶಸ್ಸೇ ಪುರಾವೆ’ ಎಂಬ ಸಾಲು ತೆಗೆಯಿರಿ. ಬೇಕಿದ್ದರೆ 1980ರ ದಶಕದ ಎರಡು ಬೆಲೆಯ ಪದ್ಧತಿ ಒಂದನ್ನೇ ಬರೆಯಿರಿ: ಯೋಜನೆಯ ಪಾಲಿನಷ್ಟು ಉಕ್ಕು ಸರ್ಕಾರದ ಬೆಲೆಗೆ, ಮಿಕ್ಕದ್ದು ಮಾರುಕಟ್ಟೆ ಬೆಲೆಗೆ. ಹೆಚ್ಚುವರಿ ತಯಾರಿಕೆಗೆ ಹುರುಪು ಬಂತು. ಅಗ್ಗದ ಬೆಲೆಗೆ ಎತ್ತಿ ಹೊರಗೆ ಮಾರುವ ಅಧಿಕಾರಿಗಳ ದಂಧೆಯೂ ಅದರ ಜೊತೆಗೇ ಬಂತು.

ನಿಮ್ಮ ಲೇಖನದ ಒಳ್ಳೆಯ ಭಾಗ ಐದನೇ ಪುಟದಲ್ಲಿದೆ, ಅಲ್ಲೂ ಒಂದು ಗಂಟು ಬಿಡಿಸಬೇಕು. ನಂದಿನಿಯನ್ನೂ ಇಂಡಿಯನ್ ಕಾಫಿ ಹೌಸನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ನಂದಿನಿಯಲ್ಲಿ ಸದಸ್ಯರು ಡೇರಿಗೆ ಹಾಲು ಹಾಕುವ ರೈತರು. ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ನೋಡಿ ಅವರಿಗೆ ದರ ಸಿಗುತ್ತದೆ. ಪ್ಯಾಕಿಂಗ್ ಘಟಕದಲ್ಲಿ ದುಡಿಯುವವರು ಸಂಬಳದವರು. ಪ್ಯಾಕೆಟ್ ದರ ಏರಿಸಬೇಕಾದರೆ ಸರ್ಕಾರದ ಕಡೆ ನೋಡಬೇಕು. ಕಾಫಿ ಹೌಸ್ ಹಾಗಲ್ಲ. ಕಾಫಿ ಮಂಡಳಿ ತನ್ನ ಹೋಟೆಲುಗಳನ್ನು ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದಾಳತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ತಟ್ಟೆ ಎತ್ತುವವರೇ ಸದಸ್ಯರು, ದೋಸೆ ಕಾಫಿ ಮಾರುವುದು ಪಕ್ಕದ ಹೋಟೆಲಿನ ಪೈಪೋಟಿಯಲ್ಲಿ, ನಷ್ಟವಾದರೆ ಹೊರೆ ಸಂಘದ್ದೇ. ಮೂರು ಪ್ರಶ್ನೆಗೂ ಇಲ್ಲಿ ನೇರ ಉತ್ತರವಿದೆ. ಲೇಖನ ಇಲ್ಲಿಂದಲೇ ಶುರುವಾಗಲಿ, ಮೀಸಸ್ ಆಮೇಲೆ ಬರಲಿ.

ಭಾಷೆಯ ಬಗ್ಗೆ ಒಂದೇ ಮಾತು. ‘ನವ ಉದಾರವಾದಿ’ ಹದಿನಾಲ್ಕು ಕಡೆ ಬಂದಿದೆ. ಅಳಿಸಿ ನೋಡಿದೆವು, ಹನ್ನೆರಡು ಕಡೆ ವಾಕ್ಯಕ್ಕೆ ಏನೂ ಆಗಲಿಲ್ಲ.

ಹೊಸ ಪ್ರತಿ 1,800 ಪದ ಮೀರದಿರಲಿ. ಕಾಫಿ ಹೌಸ್, ಲಾಂಗೆ–ಹಯೆಕ್, ಹಂಗೇರಿ, ಯುಗೊಸ್ಲಾವಿಯ ಸಾಕು. ಜಾಗ ಉಳಿದರೆ ಮಾತ್ರ ಚೀನಾ. ವಾರ್ಡ್ ಲೆಕ್ಕಕ್ಕೆ ನಿಮ್ಮದೇ ಅಂಕಿಗಳನ್ನು ಹಾಕಿ, ಭಾಗಾಕಾರವನ್ನು ಎರಡು ಸಲ ತಾಳೆ ನೋಡಿ, ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಕಳಿಸಿ.

ಸಂಪಾದಕರು